ಜಪಾನಿನ ಶ್ಯಾವಿಗೆ ಬಟ್ಟಲು

ಇಂದಿನ ಮಾತು ಒಂದು ಊಟದ ಕುರಿತು. ಅದರ ಹೆಸರು ರಾಮೆನ್. ಹೆಸರು ಕೇಳಿದ ಕೂಡಲೇ ಉಮರಗಾ, ನಿಲಂಗಾ, ಉದಗೀರದ ಕಡೆಯ ಮಕ್ಕಳು, "ಅದೇನ್ರಿ ಹೊಸದು, ಕಿರಾಣಿ ಅಂಗಡ್ಯಾಗ ಸಿಗ್ತದ" ಎಂದಾರು. ಅವರ ಮಾತು ಅರ್ಧ ನಿಜ. 1991ರ ಸುಮಾರಿಗೆ ಟಾಪ್ ರಾಮೆನ್ ಎಂಬ ಪಾಕೀಟು ನಮ್ಮ ದೇಶದ ಅಂಗಡಿಗಳಿಗೆ ಬಂತು. ಅದಕ್ಕೂ ಮೊದಲು, 1983ರಲ್ಲಿ, ಮ್ಯಾಗಿ ಬಂದಿತ್ತು. ಎರಡೂ ಎರಡು ನಿಮಿಷದ ತಿಂಡಿ. ಆದರೆ ಪಾಕೀಟಿನ ಮೇಲಿನ ಆ ಶಬ್ದ ಯಾವ ಊಟದ ಹೆಸರೋ, ಆ ಊಟ ಬೇರೆಯೇ ಆಗಿದೆ. ಅದರ ಸಾರು ಕುದಿಯಲು ಕೆಲವು ಕಡೆ ಇಡೀ ಒಂದು ರಾತ್ರಿ ಬೇಕು.

ಗಡಿಯ ಹಳ್ಳಿಯವರಿಗೆ ಜಪಾನಿನ ಊಟದ ಸುದ್ದಿ ಯಾಕೆ ಎಂದು ಕೇಳಬಹುದು. ಕಾರಣ ಇದೆ. ನಮ್ಮ ಹುಡುಗರು ದುಡಿಯಲು ಹೋಗುವ ಊರುಗಳು ಪುಣೆ, ಹೈದರಾಬಾದ, ಬೆಂಗಳೂರು. ಪುಣೆಯಲ್ಲಿ ಜಪಾನಿ ಭಾಷೆ ಕಲಿಯುವವರು ಬಹಳ. ಜಪಾನಿನ ಕಂಪನಿಗಳೂ ಅಲ್ಲಿವೆ. 2021ರ ಜನವರಿಯಲ್ಲಿ ಭಾರತ ಮತ್ತು ಜಪಾನ ಸರಕಾರಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ವೃದ್ಧರ ಶುಶ್ರೂಷೆಯೇ ಮೊದಲಾದ ಕೆಲಸಗಳಿಗೆ, ಭಾಷೆ ಮತ್ತು ಕೌಶಲದ ಪರೀಕ್ಷೆ ಪಾಸಾದ ನಮ್ಮವರು ಅಲ್ಲಿಗೆ ಹೋಗಬಹುದು. ಹಾಗೆ ಹೋದ ಮಗಳೋ ಮಗನೋ ಸಂಜೆ ಹಸಿದು ಬಂದು ಮೊದಲು ಕಾಲಿಡುವುದು ಬಹುಶಃ ಒಂದು ರಾಮೆನ್ ಅಂಗಡಿಯಲ್ಲಿ. ಬಟ್ಟಲಲ್ಲಿ ಏನಿದೆ ಎಂದು ತಿಳಿದು ಉಣ್ಣುವುದು ಒಳ್ಳೆಯದು. ಲಿಂಗಾಯತರ ಮನೆಯವರಿಗೂ ಮುಸಲ್ಮಾನರ ಮನೆಯವರಿಗೂ ಇದು ಬರೀ ರುಚಿಯ ಮಾತಲ್ಲ.

ರಾಮೆನ್ ಅಂದರೆ ಸಾರಿನಲ್ಲಿ ಮುಳುಗಿದ ಗೋಧಿ ಶ್ಯಾವಿಗೆ. ಇಷ್ಟು ಹೇಳಿದರೆ ಅದು ಏನೂ ಹೇಳಿದಂತಾಗಲಿಲ್ಲ. ಹೋಳಿ ಹುಣ್ಣಿವೆಗೆ ನಮ್ಮ ಮನೆಗಳಲ್ಲಿ ಹೋಳಿಗೆ ಮಾಡುತ್ತಾರೆ. ಕಡಲೆಬೇಳೆ ಬೇಯಿಸಿ ನೀರು ಬಸಿಯುತ್ತಾರೆ. ಆ ನೀರಿಗೆ ಕನ್ನಡದಲ್ಲಿ ಕಟ್ಟು ಎನ್ನುತ್ತೇವೆ, ಮರಾಠಿಯಲ್ಲಿ ಕಟ. ಅದರಿಂದ ಆಗುವುದು ಕಟ್ಟಿನ ಸಾರು, ಅದೇ ಕಟಾಚಿ ಆಮಟಿ. ಈ ಸಾರಿನಲ್ಲಿ ಮೂರು ಬೇರೆ ಬೇರೆ ಸಂಗತಿ ಇವೆ ಎಂಬುದನ್ನು ನಮ್ಮ ತಾಯಂದಿರು ಬಲ್ಲರು. ಒಂದು, ಸತ್ವ ಬಿಟ್ಟ ಕಟ್ಟು. ಎರಡು, ಉಪ್ಪು, ಹುಳಿ, ಮಸಾಲೆಯ ಮುದ್ದೆ. ಮೂರು, ಮೇಲೆ ತೇಲುವ ಒಗ್ಗರಣೆಯ ಎಣ್ಣೆ. ರಾಮೆನ್ ಕೂಡ ಹೀಗೆಯೇ. ಆದರೆ ಅಲ್ಲಿ ಈ ಮೂರನ್ನೂ ಕೊನೆಯ ಗಳಿಗೆಯವರೆಗೆ ಬೇರೆ ಬೇರೆ ಇಟ್ಟುಕೊಳ್ಳುತ್ತಾರೆ. ಗಿರಾಕಿ ಬಂದ ಮೇಲೆ ಬಿಸಿ ಬಟ್ಟಲಿನ ತಳಕ್ಕೆ ಉಪ್ಪಿನ ಪಾಕ ಒಂದು ಸೌಟು, ಅದರ ಮೇಲೆ ಕುದಿಯುವ ಕಟ್ಟು, ಆಮೇಲೆ ಬೆಂದ ಶ್ಯಾವಿಗೆ, ಕೊನೆಗೆ ಪರಿಮಳದ ಎಣ್ಣೆ.

ತಳದ ಆ ಉಪ್ಪಿನ ಪಾಕಕ್ಕೆ ಜಪಾನಿ ಭಾಷೆಯಲ್ಲಿ ತಾರೆ ಎಂದು ಹೆಸರು. ನಮ್ಮ ಕಡೆ ಮಿಸಳಿನ ಮೇಲೆ, ಮಟನ್ ರಸ್ಸಾದ ಮೇಲೆ ಕೆಂಪಗೆ ತೇಲುವ ಎಣ್ಣೆಗೆ ತರ್ರಿ ಎನ್ನುತ್ತೇವಲ್ಲ, ಶಬ್ದ ಹತ್ತಿರ ಕೇಳಿಸಿದರೂ ಸಂಬಂಧ ಏನೂ ಇಲ್ಲ. ತರ್ರಿ ಮೇಲೆ ತೇಲುತ್ತದೆ, ತಾರೆ ತಳದಲ್ಲಿ ಇರುತ್ತದೆ. ತಾರೆಯ ಮೇಲೆಯೇ ಬಟ್ಟಲಿನ ಹೆಸರು ನಿಲ್ಲುವುದು ಹೆಚ್ಚು. ಸೋಯಾ ಸಾಸ್ ಹಾಕಿದರೆ ಶೋಯು ರಾಮೆನ್, ಬರೀ ಉಪ್ಪಿನದಾದರೆ ಶಿಯೊ ರಾಮೆನ್, ಮಿಸೊ ಎಂಬ ಹುದುಗಿಸಿದ ಮುದ್ದೆಯದಾದರೆ ಮಿಸೊ ರಾಮೆನ್.

ಇಲ್ಲಿ ರೈತರು ಸ್ವಲ್ಪ ಕಿವಿಗೊಡಬೇಕು. ಈ ಸಾಸ್, ಈ ಮಿಸೊ ಎರಡೂ ನಮ್ಮ ಹೊಲದ ಬೆಳೆಯಿಂದಲೇ ಆಗುವಂಥವು. ಸೋಯಾಬೀನ. ಲಾತೂರಿನ ಅಡತಿ ಬಜಾರಿನಲ್ಲಿ ಅದರ ಭಾವ ಎಷ್ಟು ಎಂದು ದಿನವೂ ಕೇಳುವವರು ನಾವು. ನಮ್ಮ ಕಾಳು ಬಹುಪಾಲು ಗಿರಣಿಗೆ ಹೋಗುತ್ತದೆ, ಎಣ್ಣೆ ಆಗುತ್ತದೆ, ಉಳಿದದ್ದು ಹಿಂಡಿ. ನಾವು ಅದನ್ನು ಮಾರುತ್ತೇವೆ, ಅಡುಗೆಮನೆಗೆ ತರುವುದು ಕಡಿಮೆ. ಜಪಾನಿನಲ್ಲಿ ಇದೇ ಕಾಳನ್ನು ಬೇಯಿಸಿ, ಹುರಿದು ಒಡೆದ ಗೋಧಿ ಸೇರಿಸಿ, ಕೋಜಿ ಎಂಬ ಬೂಷ್ಟು ಹಿಡಿಸಿ, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಇಟ್ಟು ಹಿಂಡಿದರೆ ಸೋಯಾ ಸಾಸ್. ಬೇಯಿಸಿದ ಕಾಳನ್ನು ಅರೆದು, ಅಕ್ಕಿಗೆ ಇಲ್ಲವೇ ಬಾರ್ಲಿಗೆ ಅದೇ ಕೋಜಿ ಹಿಡಿಸಿ, ಉಪ್ಪಿನೊಂದಿಗೆ ಕಲಸಿ, ಡಬ್ಬಿಯಲ್ಲಿ ತುಂಬಿ ಇಟ್ಟರೆ ಮಿಸೊ. ಬೂಷ್ಟು ಎಂದು ಮೂಗು ಮುರಿಯಬೇಡಿ. ಮೊಸರೂ ಹುದುಗಿದ್ದೇ, ಅಂಬಲಿಯೂ ಹುದುಗಿದ್ದೇ. ಅದೇ ಕಾಳಿಗೆ ಅಲ್ಲಿ ಒಂದು ವರ್ಷದ ಕೆಲಸ ಸೇರುತ್ತದೆ.

ಇನ್ನು ಕಟ್ಟು. ಜಪಾನಿನ ಹೆಚ್ಚಿನ ಅಂಗಡಿಗಳಲ್ಲಿ ಅದು ಹಂದಿಯ ಎಲುಬು, ಕೋಳಿಯ ಎಲುಬು, ಒಣಗಿಸಿದ ಮೀನು, ಕೊಂಬು ಎಂಬ ಸಮುದ್ರದ ಪಾಚಿ ಇವುಗಳದು. ಉದಗೀರದಲ್ಲಿ ಪಾಯಾ ಬಲ್ಲವರಿಗೆ ವಿವರಿಸುವುದು ಸುಲಭ. ಆಡಿನ ಕಾಲು ರಾತ್ರಿಯೆಲ್ಲ ಸಣ್ಣ ಉರಿಯಲ್ಲಿ ಬೆಂದರೆ ಎಲುಬಿನ, ನರದ ಅಂಟು ಕರಗಿ ಸಾರಿಗೆ ಇಳಿಯುತ್ತದೆ. ತಣ್ಣಗಾದ ಪಾಯಾ ಗಟ್ಟಿ ಕಟ್ಟುವುದು ಅದಕ್ಕೇ. ಜಪಾನಿನ ದಕ್ಷಿಣದ ಕ್ಯೂಶೂ ದ್ವೀಪದಲ್ಲಿ ಹಂದಿಯ ಎಲುಬನ್ನು ಹೀಗೆಯೇ ಬೇಯಿಸುತ್ತಾರೆ, ಆದರೆ ಉರಿ ಸಣ್ಣದಲ್ಲ, ಕುದಿ ಜೋರು. ಜೋರು ಕುದಿಯಲ್ಲಿ ಕೊಬ್ಬು ಒಡೆದು ಸಣ್ಣ ಸಣ್ಣ ಹನಿಯಾಗಿ ನೀರಿನಲ್ಲಿ ಬೆರೆಯುತ್ತದೆ, ಅಂಟು ಅದನ್ನು ಬೇರ್ಪಡದಂತೆ ಹಿಡಿದಿಡುತ್ತದೆ. ಸಾರು ಹಾಲಿನಂತೆ ಬೆಳ್ಳಗಾಗುತ್ತದೆ. ಇದಕ್ಕೆ ತೊಂಕೊತ್ಸು ಎಂದು ಹೆಸರು. 1947ರಲ್ಲಿ ಕುರುಮೆ ಊರಿನ ಒಂದು ಅಂಗಡಿಯಲ್ಲಿ ಮರೆತು ಹೆಚ್ಚು ಹೊತ್ತು ಕುದಿಸಿದ ಪಾತ್ರೆಯಿಂದ ಈ ಬಿಳಿ ಸಾರು ಹುಟ್ಟಿತು ಎಂದು ಅಲ್ಲಿಯವರು ಹೇಳುತ್ತಾರೆ. ಉರಿ ಸಣ್ಣಗಿಟ್ಟರೆ ಅದೇ ಎಲುಬಿನ ಸಾರು ತಿಳಿಯಾಗಿ ಉಳಿಯುತ್ತದೆ.

ಸಾರಿನ ಮಾತು ಬಂದಾಗ ಇನ್ನೊಂದು ಹೆಸರು ನೆನಪಾಗುತ್ತದೆ. ಬಸ್ ಸ್ಟ್ಯಾಂಡಿನ ಮುಂದಿನ ಚೈನೀಸ್ ಗಾಡಿಯವರು ಚಿಟಿಕೆ ಚಿಟಿಕೆ ಹಾಕುವ ಅಜಿನೊಮೊಟೊ. ಅದು ಚೀನಾದ್ದಲ್ಲ, ಜಪಾನಿನದು. 1908ರಲ್ಲಿ ಟೋಕಿಯೊದ ಕಿಕುನಾಯೆ ಇಕೆದಾ ಎಂಬ ರಸಾಯನ ಪ್ರಾಧ್ಯಾಪಕರು ಕೊಂಬು ಪಾಚಿಯ ಸಾರಿನ ರುಚಿ ಯಾವುದರಿಂದ ಬರುತ್ತದೆ ಎಂದು ಹುಡುಕಿ, ಗ್ಲುಟಾಮೇಟ್ ಎಂಬ ಪದಾರ್ಥವನ್ನು ಬೇರ್ಪಡಿಸಿದರು. ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಮರುವರ್ಷವೇ ಅದು ಪುಡಿಯಾಗಿ ಮಾರಾಟಕ್ಕೆ ಬಂತು. ಅಜಿ ನೊ ಮೊತೊ ಎಂದರೆ ರುಚಿಯ ಮೂಲ ಎಂದೇ ಅರ್ಥ. ಒಳ್ಳೆಯ ಅಂಗಡಿಯಲ್ಲಿ ಆ ರುಚಿ ಪಾಚಿಯಿಂದ, ಎಲುಬಿನಿಂದ, ಹುದುಗಿದ ಸೋಯಾದಿಂದ ಬರುತ್ತದೆ. ಗಾಡಿಯಲ್ಲಿ ಪುಡಿಯಿಂದ ಬರುತ್ತದೆ.

ಶ್ಯಾವಿಗೆಗೆ ಬರೋಣ. ಬೇಸಿಗೆ ಬಂತೆಂದರೆ ನಮ್ಮ ಮಾಳಿಗೆಗಳ ಮೇಲೆ ಹಪ್ಪಳ, ಸಂಡಿಗೆ, ಕುರಡಿಗೆ, ಶ್ಯಾವಿಗೆ. ಈಗ ಮಷೀನಿನಲ್ಲಿ ಒತ್ತಿಸಿಕೊಂಡು ಬರುತ್ತಾರೆ. ಮೊದಲು ಕೈಯಿಂದ ಎಳೆದೇ ಮಾಡುತ್ತಿದ್ದರು. ನಾದಿದ ಹಿಟ್ಟನ್ನು ಎಳೆದು ಮಡಚಿ, ಎಳೆದು ಮಡಚಿ, ಕೋಲಿನ ಮೇಲೆ ನೇತು ಹಾಕುವ ಕೆಲಸ. ರಾಮೆನ್ ಶಬ್ದದ ಮೂಲ ಚೀನೀ ಭಾಷೆಯ ಲಾಮ್ಯೆನ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಲಾ ಎಂದರೆ ಎಳೆಯುವುದು, ಮ್ಯೆನ್ ಎಂದರೆ ಹಿಟ್ಟಿನ ಎಳೆ. ಅಂದರೆ ಕೈ ಶ್ಯಾವಿಗೆಯೇ. ಜಪಾನಿನಲ್ಲಿ ಮಾತ್ರ ಈಗ ಎಳೆಯುವುದಿಲ್ಲ, ಹಾಳೆಯಂತೆ ಲಟ್ಟಿಸಿ ಮಷೀನಿನಲ್ಲಿ ಕತ್ತರಿಸುತ್ತಾರೆ.

ಹಾಗಾದರೆ ನಮ್ಮ ಶ್ಯಾವಿಗೆಯನ್ನೇ ಸಾರಿನಲ್ಲಿ ಹಾಕಿದರೆ ಆಯಿತಲ್ಲ? ಆಗುವುದಿಲ್ಲ. ಎರಡು ನಿಮಿಷದಲ್ಲಿ ಮೆತ್ತಗಾಗಿ ಪಾಯಸದ ಹದಕ್ಕೆ ಬರುತ್ತದೆ. ಹಾಲು, ಬೆಲ್ಲ, ತುಪ್ಪಕ್ಕೆ ಆ ಹದ ಬೇಕು. ರಾಮೆನ್ ಶ್ಯಾವಿಗೆ ಹಳದಿಯಾಗಿ, ಹಲ್ಲಿಗೆ ಪುಟಿಯುವಂತೆ ಇರಬೇಕು. ಆ ಗುಣ ಬರುವುದು ಮೊಟ್ಟೆಯಿಂದ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ, ಅದು ಖಾರದಿಂದ. ಮೆಣಸಿನ ಖಾರ ಅಲ್ಲ, ಕ್ಷಾರ. ಉದ್ದಿನ ಹಪ್ಪಳಕ್ಕೆ ನಾವು ಹಾಕುವ ಪಾಪಡಖಾರದ ಜಾತಿಯದು. ಜಪಾನಿನಲ್ಲಿ ಅದಕ್ಕೆ ಕಾನ್ಸುಯಿ ಎನ್ನುತ್ತಾರೆ. ಸೋಡಿಯಂ ಕಾರ್ಬೊನೇಟ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಎರಡು ಲವಣಗಳು. ಹಿಟ್ಟಿನ ತೂಕದ ನೂರಕ್ಕೆ ಒಂದು ಪಾಲು ಸಾಕು. ಕ್ಷಾರ ತಾಗಿದೊಡನೆ ಗೋಧಿಯೊಳಗಿನ ಬಣ್ಣವಿಲ್ಲದ ಕೆಲವು ಪದಾರ್ಥ ಹಳದಿಗೆ ತಿರುಗುತ್ತವೆ. ಗೋಧಿಯ ಜಿಗುಟು ಬಿಗಿಯಾಗುತ್ತದೆ. ಬಿಸಿ ಸಾರಿನಲ್ಲಿ ಕೆಲವು ನಿಮಿಷ ಕೂತರೂ ಎಳೆ ಸೋಲುವುದಿಲ್ಲ.

ಮನೆಯಲ್ಲಿ ಮಾಡಿ ನೋಡುವವರಿಗೆ ಒಂದು ದಾರಿ ಇದೆ. ಅಡುಗೆ ಸೋಡಾವನ್ನು ಸ್ಟೀಲಿನ ತಟ್ಟೆಯಲ್ಲಿ ತೆಳ್ಳಗೆ ಹರಡಿ ಸಣ್ಣ ಉರಿಯ ಮೇಲೆ ಅರ್ಧ ತಾಸು ಹುರಿಯಬೇಕು. ಅದರೊಳಗಿನ ನೀರು, ಅನಿಲ ಹೋಗಿ ಅದು ಬಲವಾದ ಕ್ಷಾರವಾಗುತ್ತದೆ. ತೂಕ ಮೂರನೇ ಒಂದು ಪಾಲಿಗಿಂತ ಹೆಚ್ಚು ಇಳಿದರೆ ಹದ ಬಂತು ಎಂದು ತಿಳಿಯಿರಿ. ಜರ್ಮನ್ ಪಾತ್ರೆ, ಅಂದರೆ ಅಲ್ಯೂಮಿನಿಯಂ, ಬೇಡ, ಅದನ್ನು ಕ್ಷಾರ ತಿನ್ನುತ್ತದೆ. ಒದ್ದೆ ಕೈಯಿಂದ ಮುಟ್ಟಬಾರದು, ಮಕ್ಕಳ ಕೈಗೆ ಸಿಗಬಾರದು. ಅರ್ಧ ಕಿಲೊ ಮೈದಾಕ್ಕೆ ಈ ಸೋಡಾ 5 ಗ್ರಾಂ, ಉಪ್ಪು 5 ಗ್ರಾಂ, ಇವನ್ನು ಸುಮಾರು 200 ಮಿಲಿ ನೀರಿನಲ್ಲಿ ಕರಗಿಸಿ ಹಾಕಬೇಕು. ಚಪಾತಿ ಹಿಟ್ಟಿನಷ್ಟು ನೀರು ಇರುವುದಿಲ್ಲ, ಹಿಟ್ಟು ಪುಡಿ ಪುಡಿಯಾಗಿ ಕಾಣುತ್ತದೆ. ಒಂದು ತಾಸು ಮುಚ್ಚಿಟ್ಟು, ಒತ್ತಿ ಒತ್ತಿ ನಾದಿ, ತೆಳ್ಳಗೆ ಲಟ್ಟಿಸಿ, ಮಡಚಿ ಚಾಕುವಿನಿಂದ ಕೊಯ್ಯಬೇಕು. ಬಹಳ ನೀರಿನಲ್ಲಿ ಎರಡು ನಿಮಿಷ ಕುದಿಸಿ ಬಸಿದರೆ ಆಯಿತು. ಖಪಲಿ ಗೋಧಿಯ ಹಿಟ್ಟಿನಿಂದ ಇದು ಆಗುವುದಿಲ್ಲ, ಅದರ ಜಿಗುಟು ಸಾಲದು. ಇದಕ್ಕೆ ಹುಳಿ ಬೆಲ್ಲ ಕಡಿಮೆ ಮಾಡಿದ ಕಟ್ಟಿನ ಸಾರು ಹಾಕಿ ಉಂಡರೆ ಚಲೋ ಆಗುತ್ತದೆ. ಅದನ್ನು ರಾಮೆನ್ ಎನ್ನಲು ಜಪಾನಿನವರು ಒಪ್ಪಲಿಕ್ಕಿಲ್ಲ, ಅದು ಬೇರೆ ಮಾತು.

ಒಪ್ಪುವ ಒಪ್ಪದಿರುವ ಈ ಮಾತಿಗೂ ಒಂದು ಚರಿತ್ರೆ ಇದೆ. ರಾಮೆನ್ ಜಪಾನಿನಲ್ಲಿ ಹುಟ್ಟಿದ್ದೇ ಅಲ್ಲ. 1859ರಲ್ಲಿ ಯೊಕೊಹಾಮಾ ಬಂದರು ಪರದೇಶದವರಿಗೆ ತೆರೆಯಿತು. ಚೀನಾದ ವ್ಯಾಪಾರಿಗಳು, ಕೂಲಿಗಳು ಬಂದು ಅಲ್ಲಿ ಒಂದು ಓಣಿ ಕಟ್ಟಿದರು. ಅವರ ಗೋಧಿ ಶ್ಯಾವಿಗೆಯ ಸಾರು ಊರಿಗೆ ರುಚಿಸಿತು. 1910ರಲ್ಲಿ ಒಝಾಕಿ ಕಾನಿಚಿ ಎಂಬವರು ಟೋಕಿಯೊದ ಅಸಾಕುಸಾ ಭಾಗದಲ್ಲಿ ರೈರೈಕೆನ್ ಎಂಬ ಅಂಗಡಿ ತೆರೆದರು. ಅವರು ಮೊದಲು ಯೊಕೊಹಾಮಾ ಬಂದರಿನ ಸುಂಕದ ಕಚೇರಿಯಲ್ಲಿದ್ದವರು. ಅಡುಗೆಯವರನ್ನು ಯೊಕೊಹಾಮಾದ ಚೀನೀ ಓಣಿಯಿಂದಲೇ ಕರೆತಂದರು. ದುಡಿಯುವ ಜನಕ್ಕೆ ಅಗ್ಗದ ಬಿಸಿ ಊಟ ಸಿಕ್ಕಿತು.

ಆಗ ಅದರ ಹೆಸರು ಶಿನಾ ಸೋಬಾ, ಅಂದರೆ ಚೀನಾ ಶ್ಯಾವಿಗೆ. ಎರಡನೇ ಮಹಾಯುದ್ಧದಲ್ಲಿ ಜಪಾನ ಸೋತ ಮೇಲೆ, ಶಿನಾ ಎಂಬ ಶಬ್ದ ಚೀನೀಯರಿಗೆ ಹೀನಾಯವಾಗಿ ಕೇಳಿಸುತ್ತದೆಂದು ಅದನ್ನು ಬಿಟ್ಟು ಚೂಕಾ ಸೋಬಾ ಎಂದರು. ಅದರ ಅರ್ಥವೂ ಚೀನಾ ಶ್ಯಾವಿಗೆಯೇ. ಆ ದಿನಗಳಲ್ಲಿ ಅಕ್ಕಿಗೆ ಬರ. ಅಮೆರಿಕದಿಂದ ಗೋಧಿ ಹಿಟ್ಟು ಬರುತ್ತಿತ್ತು. ಕೈಗಾಡಿಗಳ ಮೇಲೆ ಶ್ಯಾವಿಗೆ ಸಾರು ಮಾರಿ ಎಷ್ಟೋ ಕುಟುಂಬಗಳು ಬದುಕಿದವು. ಒಸಾಕಾದಲ್ಲಿ ಅಂಥ ಒಂದು ಗಾಡಿಯ ಮುಂದಿನ ಸಾಲನ್ನು ಮೊಮೊಫುಕು ಆಂದೋ ಎಂಬವರು ಕಂಡರು. ಅವರು ಹುಟ್ಟಿದ್ದು 1910ರಲ್ಲಿ, ಆಗ ಜಪಾನಿನ ಆಳಿಕೆಯಲ್ಲಿದ್ದ ತೈವಾನಿನಲ್ಲಿ. 1958ರಲ್ಲಿ ಮನೆಯ ಹಿತ್ತಲ ಗುಡಿಸಲಿನಲ್ಲಿ ಅವರು ಒಂದು ಉಪಾಯ ಕಂಡುಕೊಂಡರು. ಬೆಂದ ಶ್ಯಾವಿಗೆಯನ್ನು ಎಣ್ಣೆಯಲ್ಲಿ ಕರಿದರೆ ನೀರು ಹಾರಿಹೋಗಿ ಎಳೆಯೊಳಗೆ ಸಣ್ಣ ಸಣ್ಣ ತೂತು ಉಳಿಯುತ್ತವೆ. ಬಿಸಿನೀರು ಹಾಕಿದೊಡನೆ ತೂತುಗಳಲ್ಲಿ ನೀರು ಹೊಕ್ಕು ಶ್ಯಾವಿಗೆ ಮತ್ತೆ ಮೆತ್ತಗಾಗುತ್ತದೆ. ಅದನ್ನು ಚಿಕಿನ್ ರಾಮೆನ್ ಎಂದು ಮಾರಿದರು. ರಾಮೆನ್ ಎಂಬ ಹೆಸರು ಜಪಾನಿನ ಮನೆಮನೆಗೆ ಹರಡಿದ್ದು ಈ ಪಾಕೀಟಿನಿಂದ. ಅಂದರೆ ಅಸಲಿ ಊಟಕ್ಕೆ ಹೆಸರು ಗಟ್ಟಿಯಾದದ್ದು ನಕಲಿ ಎನ್ನುವ ಪಾಕೀಟಿನ ದೆಸೆಯಿಂದ! ಅವರ ನಿಸ್ಸಿನ್ ಕಂಪನಿಯೇ ಬೆಂಗಳೂರಿಗೆ ಬಂದು, ಜಿಗಣಿಯಲ್ಲಿ ಕಾರ್ಖಾನೆ ಹಾಕಿ, ಟಾಪ್ ರಾಮೆನ್ ಮಾಡಿತು.

ನಮಗೆ ಇದೆಲ್ಲ ವಿಚಿತ್ರ ಅನಿಸಬಾರದು. 1956ರ ನವೆಂಬರ್ 1ರಂದು ಹೈದರಾಬಾದ ಸಂಸ್ಥಾನದ ಭಾಗಗಳು ಹಂಚಿಹೋದಾಗ, ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು, 1960ರಲ್ಲಿ ಮಹಾರಾಷ್ಟ್ರವಾದವು. ಉಳಿದ ಬೀದರದ ಹೆಚ್ಚಿನ ಭಾಗ ಮೈಸೂರಿಗೆ ಹೋಯಿತು. ಕಚೇರಿಯ ಕಾಗದ ಬದಲಾಯಿತು, ಒಲೆಯ ಮೇಲಿನ ಪಾತ್ರೆ ಬದಲಾಗಲಿಲ್ಲ. ಹೋಳಿಗೆ ಕನ್ನಡದ್ದೋ, ಪುರಣಪೋಳಿ ಮರಾಠಿಯದೋ ಎಂದು ನಿಲಂಗಾದಲ್ಲಿ ಪಂಕ್ತಿಗೆ ಕೂತವರು ಕೇಳಿದ್ದನ್ನು ನಾನು ಕಂಡಿಲ್ಲ. ಹೂರಣ ಸರಿ ಬೆಂದಿದೆಯೋ ಇಲ್ಲವೋ ಎಂದು ಮಾತ್ರ ಕೇಳುತ್ತಾರೆ.

ಕನ್ನಡ ನಾಡಿಗೆ ಜಪಾನಿನವರು ಹೆಚ್ಚಾಗಿ ಬಂದದ್ದು ಕಾರಿನ ಕಾರಣಕ್ಕೆ. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿತು, ಬೆಂಗಳೂರಿನ ಬಳಿ ಬಿಡದಿಯಲ್ಲಿ ಕಾರ್ಖಾನೆ ಎದ್ದಿತು. ಕಿರ್ಲೋಸ್ಕರ್ ಹೆಸರು ನಮಗೆ ಕಬ್ಬಿಣದ ನೇಗಿಲಿನಿಂದ ಪರಿಚಯ. ಅದರ ಮೂಲಪುರುಷ ಲಕ್ಷ್ಮಣರಾವ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಕಿರ್ಲೋಸ್ಕರವಾಡಿ ಕಟ್ಟಿದ್ದು ಈಗಿನ ಸಾಂಗಲಿ ಜಿಲ್ಲೆಯಲ್ಲಿ. ಅವರೂ ಗಡಿಯ ಮನುಷ್ಯರೇ. ಅದೂ 1910ರಲ್ಲಿಯೇ, ರೈರೈಕೆನ್ ತೆರೆದ ವರ್ಷ. ಬಂದ ಎಂಜಿನಿಯರುಗಳಿಗೆ ತಮ್ಮ ಊಟ ಬೇಕಾಯಿತು, ಬೆಂಗಳೂರಿನಲ್ಲಿ ಜಪಾನಿ ಊಟದ ಮನೆಗಳಾದವು. ಆಮೇಲೆ ನಮ್ಮವರೇ ಕಲಿತು ಮಾಡತೊಡಗಿದರು. 2022ರಲ್ಲಿ ಶಾಂತಿನಗರದಲ್ಲಿ ಕವನ್ ಕುಟ್ಟಪ್ಪ ಎಂಬ ಬಾಣಸಿಗರು ನಾರು ನೂಡಲ್ ಬಾರ್ ತೆರೆದರು. ಇಪ್ಪತ್ತು ಜನ ಕೂಡುವಷ್ಟೇ ಜಾಗ. ಮೊದಲೇ ಜಾಗ ಕಾಯ್ದಿರಿಸಬೇಕು, ಕಾಯ್ದಿರಿಸಲು ತೆರೆದ ಕೆಲವೇ ನಿಮಿಷಗಳಲ್ಲಿ ವಾರದ ಜಾಗವೆಲ್ಲ ಮುಗಿಯುತ್ತಿತ್ತು ಎಂದು ಪತ್ರಿಕೆಗಳಲ್ಲಿ ಬಂದಿತ್ತು.

ನಾನು ಉಂಡದ್ದು ಅಲ್ಲಲ್ಲ, ಅದೇ ಶಹರದ ಇನ್ನೊಂದು ಸಣ್ಣ ಅಂಗಡಿಯಲ್ಲಿ. ಕೋಳಿ ಎಲುಬಿನ ತಿಳಿ ಸಾರು, ಮೇಲೆ ಸೋಯಾ ಸಾಸಿನಲ್ಲಿ ನೆನೆಸಿದ ಅರ್ಧ ಬೆಂದ ಮೊಟ್ಟೆ, ಕಳಲೆ, ಉಳ್ಳಾಗಡ್ಡಿ ತಪ್ಪಲು. ಬಣ್ಣ ನೋಡುತ್ತ, ಮಾಡಿದವರನ್ನು ಅದು ಇದು ಕೇಳುತ್ತ ಕೂತಿದ್ದೆ. ಕರೆದುಕೊಂಡು ಹೋಗಿದ್ದ ಅಕ್ಕನ ಮಗ ತಾಳ್ಮೆ ಕಳೆದುಕೊಂಡ. "ಮಾಮಾ, ಮಾತು ಆಮ್ಯಾಲ ಆಡ್ರಿ. ಮೊದಲ ಉಣ್ರಿ, ಎಳಿ ಮೆತ್ತಗಾಗ್ತಾವ." ಅವನ ಮಾತು ಸರಿ. ಮೊದಲ ತುತ್ತಿಗೆ ನನಗೆ ಉಪ್ಪು ಹೆಚ್ಚೆನಿಸಿತು, ಖಾರವೇ ಇಲ್ಲವೆನಿಸಿತು. ನಾಲ್ಕನೇ ತುತ್ತಿಗೆ ಉಪ್ಪಿನ ಹಿಂದಿನ ರುಚಿ ತಿಳಿಯತೊಡಗಿತು. ಶ್ಯಾವಿಗೆ ಹಲ್ಲಿಗೆ ಪುಟಿಯುತ್ತಿತ್ತು. ಹಪ್ಪಳದ ಹಸಿ ಹಿಟ್ಟಿನ ಉಂಡೆ ಕದ್ದು ತಿಂದವರಿಗೆ ಗೊತ್ತಿರುವ ಆ ಖಾರದ ವಾಸನೆ, ಬಹಳ ಸಣ್ಣಗೆ, ಅಲ್ಲಿತ್ತು.

ಅದು ಅಸಲಿಯೇ ಎಂದು ಕೇಳಿದರೆ, ಜಪಾನಿನಲ್ಲಿಯೇ ಒಂದು ಅಸಲಿ ಇಲ್ಲ. ಉತ್ತರದ ಸಪ್ಪೊರೊದಲ್ಲಿ ಮಿಸೊ ಸಾರಿನ ಮೇಲೆ ಬೆಣ್ಣೆ, ಮೆಕ್ಕೆಜೋಳದ ಕಾಳು ಹಾಕುವ ಅಂಗಡಿಗಳುಂಟು. ದಕ್ಷಿಣದ ಹಕಾತಾದಲ್ಲಿ ಬಿಳಿ ಸಾರು, ಕೂದಲೆಳೆಯ ಶ್ಯಾವಿಗೆ. ಕಿತಾಕಾತಾದಲ್ಲಿ ಅಗಲ ಪಟ್ಟಿ. ನಾನು ನೋಡುವುದು ಮೂರನ್ನು. ಸಾರು ಎಲುಬಿನಿಂದಲೋ ಪಾಚಿಯಿಂದಲೋ ಅಲ್ಲಿಯೇ ತೆಗೆದದ್ದೇ, ಶ್ಯಾವಿಗೆಗೆ ಕ್ಷಾರ ಬಿದ್ದಿದೆಯೇ, ಬಟ್ಟಲು ಗಿರಾಕಿ ಕೂತ ಮೇಲೆ ಕಟ್ಟಿದ್ದೇ.

ಈಗ ಶಾಕಾಹಾರಿಗಳಿಗೆ ಮುಖ್ಯ ಮಾತು. ಮೇಲಿನ ಮಾಂಸದ ತುಂಡು ತೆಗೆದಿಟ್ಟರೆ ರಾಮೆನ್ ಶಾಕಾಹಾರ ಆಗುವುದಿಲ್ಲ. ಸಾರೇ ಎಲುಬಿನದು, ತೇಲುವ ಎಣ್ಣೆ ಎಷ್ಟೋ ಸಲ ಕೊಬ್ಬಿನದು, ತಾರೆಯಲ್ಲಿ ಮೀನು ಇರಬಹುದು. ಮುಸಲ್ಮಾನರು ಇನ್ನೊಂದು ಕೇಳಬೇಕು. ತಾರೆಗೆ ಮಿರಿನ್, ಸಾಕೆ ಎಂಬ ಅಕ್ಕಿಯ ಮದ್ಯ ಹಾಕುವುದು ವಾಡಿಕೆ. ಜಪಾನಿ ಭಾಷೆಯಲ್ಲಿ ಬುತಾ ಎಂದರೆ ಹಂದಿ, ತೋರಿ ಕೋಳಿ, ಸಕಾನಾ ಮೀನು, ನಿಕು ಮಾಂಸ. "ನಿಕು ವಾ ತಾಬೆಮಾಸೆನ್" ಎಂದರೆ ಮಾಂಸ ತಿನ್ನುವುದಿಲ್ಲ ಎಂದು. ಕನ್ನಡದಲ್ಲಿ, ಮರಾಠಿಯಲ್ಲಿ ಇರುವಂತೆಯೇ ಕ್ರಿಯಾಪದ ಕೊನೆಗೆ, ಕಲಿಯಲು ಕಷ್ಟವಿಲ್ಲ. ಆದರೆ ಇಷ್ಟು ಹೇಳಿದರೆ ತುಂಡು ಮಾತ್ರ ಬಿಟ್ಟು ಸಾರು ಹಾಗೆಯೇ ಕೊಡಬಹುದು, ಆದ್ದರಿಂದ ಸಾರಿನ ಮಾತನ್ನೂ ಕೇಳಬೇಕು. ಕೊಂಬು ಪಾಚಿ, ಒಣ ಅಣಬೆ, ಎಳ್ಳು, ಸೋಯಾ ಹಾಲಿನಿಂದ ಪೂರ್ತಿ ಶಾಕಾಹಾರಿ ಸಾರು ಮಾಡುವವರು ದೊಡ್ಡ ಶಹರಗಳಲ್ಲಿ ಇದ್ದಾರೆ. ಹುಡುಕಿ ಹೋಗಬೇಕು, ದಾರಿಯಲ್ಲಿ ಸಿಕ್ಕ ಅಂಗಡಿಯಲ್ಲಿ ಸಿಗುವುದಿಲ್ಲ.

ಉಣ್ಣುವ ರೀತಿ ಸರಳ. ಜಪಾನಿನ ಎಷ್ಟೋ ಸಣ್ಣ ಅಂಗಡಿಗಳಲ್ಲಿ ಬಾಗಿಲ ಬಳಿ ಒಂದು ಯಂತ್ರವಿರುತ್ತದೆ. ದುಡ್ಡು ಹಾಕಿ ಗುಂಡಿ ಒತ್ತಿದರೆ ಚೀಟಿ ಬರುತ್ತದೆ, ಅದನ್ನು ಕಟ್ಟೆಯ ಮೇಲೆ ಇಟ್ಟು ಕೂಡುವುದು. ಬಟ್ಟಲು ಬಂದ ಮೇಲೆ ಕಡ್ಡಿಯಿಂದ ಎಳೆ ಎತ್ತಿ ಸುರ್ ಎಂದು ಸಪ್ಪಳ ಮಾಡುತ್ತ ಎಳೆದುಕೊಳ್ಳಬಹುದು. ಅಂಬಲಿ ಕುಡಿಯುವಾಗ ನಮ್ಮ ಹಿರಿಯರು ಮಾಡುವ ಸಪ್ಪಳವೇ, ಅಲ್ಲಿ ಯಾರೂ ಬೈಯುವುದಿಲ್ಲ. ಗಾಳಿ ಸೇರಿ ಬಾಯಿ ಸುಡುವುದಿಲ್ಲ, ಪರಿಮಳವೂ ಮೂಗಿಗೆ ಹತ್ತುತ್ತದೆ. ಕಡ್ಡಿ ಹಿಡಿಯಲು ಬಾರದಿದ್ದರೆ ಚಮಚ ಕೇಳಿ. ಸಾರು ಪೂರ್ತಿ ಕುಡಿಯಲೇಬೇಕೆಂದಿಲ್ಲ, ಅದರಲ್ಲಿ ಉಪ್ಪು ಬಹಳ. ರಕ್ತದೊತ್ತಡ ಇದ್ದವರು ಅರ್ಧ ಬಿಡುವುದೇ ಲೇಸು. ಮಾತಿಗೆ ಕೂಡುವ ಜಾಗ ಅದಲ್ಲ, ಹೊರಗೆ ಸಾಲು ನಿಂತಿರುತ್ತದೆ. ಉಂಡಾದ ಮೇಲೆ ಬಟ್ಟಲನ್ನು ಎದುರಿನ ಕಟ್ಟೆಯ ಮೇಲೆ ಎತ್ತಿಟ್ಟು, ಮುಂದಿನ ಜಾಗ ಬಟ್ಟೆಯಿಂದ ಒರೆಸಿ, ಮಾಡಿದವರಿಗೆ "ಗೊಚಿಸೊಸಾಮಾ" ಎಂದು ಹೇಳಿ ಎದ್ದು ಬರುವುದು. ಊಟ ಚಲೋ ಆಯಿತು, ಉಪಕಾರವಾಯಿತು ಎಂದು ಅದರ ಅರ್ಥ.